ಬೇಸಿಗೆ ಮಧ್ಯಾಹ್ನ ದೂರದ ಹಕ್ಕಿಯ ಫೋಟೋ ಯಾಕೆ ಮಸುಕಾಗುತ್ತದೆ?

ತಪ್ಪು ಹೆಚ್ಚಾಗಿ ಲೆನ್ಸಿನದಲ್ಲ, ನಡುವಿನ ಗಾಳಿಯದು. ಬಿಸಿಲಿಗೆ ಕಾದ ನೆಲ ತನ್ನ ಮೇಲಿನ ಗಾಳಿಯನ್ನೂ ಕಾಯಿಸುತ್ತದೆ. ಬಿಸಿ ಗಾಳಿ ತೆಳು, ತಣ್ಣನೆಯದು ದಟ್ಟ. ಎರಡೂ ಕಲಸಿಕೊಂಡು ಏಳುವಾಗ ಅವುಗಳನ್ನು ದಾಟಿ ಬರುವ ಬೆಳಕು ಕ್ಷಣಕ್ಷಣಕ್ಕೂ ಒಂದೊಂದು ಕಡೆ ಚೂರು ಬಾಗುತ್ತದೆ. ಟಾರು ರಸ್ತೆಯ ಮೇಲೆ ಗಾಳಿ ಕುಣಿಯುತ್ತದಲ್ವಾ, ಅದೇ ಇದು. ದೂರದ್ದನ್ನು ಹತ್ತಿರ ತೋರಿಸುವ 400 ಎಂಎಂ ಲೆನ್ಸು ಹಕ್ಕಿಯ ಜೊತೆಗೆ ಈ ನಡುಕವನ್ನೂ ದೊಡ್ಡದು ಮಾಡುತ್ತದೆ.

ಬಯಲಿನಾಚೆ ನಿಂತ ಬಣ್ಣದ ಕೊಕ್ಕರೆಯ ಫೋಟೋವನ್ನು ಜೂಮ್ ಮಾಡಿ ನೋಡಿ. ರೆಕ್ಕೆಯ ಕಪ್ಪು-ಬಿಳಿ ಗೆರೆಗಳು ಒಂದಕ್ಕೊಂದು ಮೆತ್ತಿಕೊಂಡಿರುತ್ತವೆ, ಕಾಲಿನ ಅಂಚು ಅಲೆಯಲೆಯಾಗಿರುತ್ತದೆ. ಟ್ರೈಪಾಡ್, ಶಟರ್ ವೇಗ, ಆಮೇಲೆ ಕಂಪ್ಯೂಟರಿನಲ್ಲಿ ಅಂಚುಗಳನ್ನು ಚೂಪು ಮಾಡುವ ಶಾರ್ಪನಿಂಗ್ ಯಾವುದೂ ಇದನ್ನು ಪೂರ್ತಿ ಸರಿಮಾಡುವುದಿಲ್ಲ. ಅದಕ್ಕೆ ಸುಮ್ನೆ ದುಡ್ಡು ಸುರಿಯಬೇಡಿ.

ನೆಲ ಕಾಯುವ ಮುಂಚೆ, ಬೆಳಿಗ್ಗೆ ಬೇಗ ಹೋಗಿ. ಇಲ್ಲವೇ ಹಕ್ಕಿಗೆ ಗಾಬರಿಯಾಗದಷ್ಟು ದೂರ ಕಡಿಮೆ ಮಾಡಿ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹಕ್ಕಿಗಳು ಮನೆ ಪಕ್ಕದ ಮರಗಳಲ್ಲೇ ಗೂಡು ಕಟ್ಟುವುದರಿಂದ ಈ ಕಾಟ ಕಡಿಮೆ. ಕಾರಿನಿಂದ ತೆಗೆಯುವವರು ಕಾದ ಬಾನೆಟ್ ಮೇಲಿಂದ ಗುರಿ ಇಡಬೇಡಿ. ಎಸಿ ಆರಿಸಿ, ಪಕ್ಕದ ಕಿಟಕಿ ಇಳಿಸಿ, ಒಳಗಿನ ಗಾಳಿ ಹೊರಗಿನಷ್ಟೇ ಬಿಸಿಯಾದ ಮೇಲೆ ಕ್ಲಿಕ್ ಮಾಡಿ.