ಸಿಲಿಕಾನ್ ಡಿಟೆಕ್ಟರ್ ಜೋಡಿಸುವ ಕೆಲಸಕ್ಕೆ ಸೇರಲೇ, ಡೇಟಾ ಅನಾಲಿಸಿಸ್ ಸಿಗುವವರೆಗೆ ಕಾಯಲೇ?

ಕಾಸರಗೋಡಿನ ಕನ್ನಡ ಮೀಡಿಯಂ, ಎಂ.ಎಸ್ಸಿ. ಫಿಸಿಕ್ಸ್, ಕಣಗಳನ್ನು ಡಿಕ್ಕಿ ಹೊಡೆಸುವ ಕೊಲೈಡರಿಗೆ ಹೊಸ ಟ್ರ್ಯಾಕರ್ (ಕಣಗಳ ಜಾಡು ಹಿಡಿಯುವ ಡಿಟೆಕ್ಟರ್) ಕಟ್ಟುವ ಗುಂಪಿನಲ್ಲಿ ಅದರ ಬಿಡಿ ಘಟಕಗಳನ್ನು, ಅಂದರೆ ಮಾಡ್ಯೂಲ್ ಜೋಡಿಸುವ ಕೆಲಸ. ನಿಮ್ಮ ಕಥೆಯೂ ಇದೇ, ನನ್ನದೂ ಇದೇ. 'ಇದು ಫಿಟ್ಟರ್ ಕೆಲಸ ಅಲ್ಲವಾ, ನಿಜವಾದ ಫಿಸಿಕ್ಸ್ ಇರುವುದು ಅನಾಲಿಸಿಸ್‌ನಲ್ಲಿ ತಾನೇ' ಅಂತ ನೀವು ಕೇಳಿದ್ದೀರಿ. ನಾನು ಕೇಳಲೂ ಹೋಗಲಿಲ್ಲ. ಹಾಗೇ ಅಂತ ನಂಬಿಕೊಂಡೇ ಸೇರಿದೆ. ಆ ನಂಬಿಕೆಗೆ ನಾಲ್ಕು ಮಾಡ್ಯೂಲ್ ಬಲಿಯಾದವು.

ನನ್ನ ಊರು ಪೆರ್ಲದ ಹತ್ತಿರ. ಅಪ್ಪನಿಗೆ ಸಣ್ಣ ಕಂಗಿನ (ಅಡಿಕೆ) ತೋಟ, ಅಮ್ಮ ಬೀಡಿ ಕಟ್ಟುತ್ತಿದ್ದರು. ತೋಟದ ಕೆರೆಗೆ ನೀರು ಬರುವುದು ಗುಡ್ಡದ ಸುರಂಗದಿಂದ. ಮಾರ್ಚ್ ಕಳೆದರೆ ಕೆರೆಯ ನೀರು ತಳ ಸೇರುತ್ತದೆ, ಪಂಪು ಗಾಳಿ ಎಳೆಯುತ್ತದೆ, ಸ್ಟಾರ್ಟರ್ ಟ್ರಿಪ್ ಆಗುತ್ತದೆ. ಆಗ ಅಪ್ಪ ಏನು ಮಾಡುತ್ತಿದ್ದರು ಗೊತ್ತುಂಟಲ್ಲ? ಸ್ಟಾರ್ಟರ್ ಡಬ್ಬಿ ತೆರೆದು ಎರಡು ಟರ್ಮಿನಲ್‌ಗೆ ಒಂದು ತುಂಡು ವಯರ್ ಸಿಕ್ಕಿಸಿ ಬಿಡುತ್ತಿದ್ದರು. ಪಂಪು ಮತ್ತೆ ಓಡುತ್ತಿತ್ತು. ಎರಡು ವರ್ಷಕ್ಕೊಮ್ಮೆ ವೈಂಡಿಂಗ್ ಸುಟ್ಟುಕೊಂಡು ಬದಿಯಡ್ಕದ ಅಂಗಡಿಗೆ ಹೋಗುತ್ತಿತ್ತು. ಈ ಎರಡಕ್ಕೂ ಸಂಬಂಧ ಉಂಟು ಅಂತ ನಮ್ಮ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ಕರೆಂಟಿನವರನ್ನು ಬೈಯುತ್ತಿದ್ದೆವು.

ಈ ವಿದ್ಯೆಯನ್ನು ನಾನು ವಿದೇಶದ ಒಂದು ಲ್ಯಾಬಿಗೆ ಕೊಂಡುಹೋದೆ. ಅದರ ಹೆಸರು ಬೇಡ, ತಪ್ಪು ನನ್ನದು.

ಅಲ್ಲಿ ನಾವು ಕಟ್ಟುತ್ತಿದ್ದದ್ದು ಜಿನೀವಾ ಬಳಿಯ ಸರ್ನ್‌ನ ಎಲ್‌ಎಚ್‌ಸಿ ಕೊಲೈಡರಿನಲ್ಲಿರುವ ಸಿಎಂಎಸ್ ಪ್ರಯೋಗದ ಹೊಸ ಹೊರ ಟ್ರ್ಯಾಕರಿನ '2ಎಸ್' ಮಾಡ್ಯೂಲ್. ಸುಮಾರು 10 ಸೆಂ.ಮೀ. ಚೌಕದ ಎರಡು ಸಿಲಿಕಾನ್ ಸೆನ್ಸರ್, ಒಂದರ ಮೇಲೊಂದು, ನಡುವೆ ಕೆಲವೇ ಮಿಲಿಮೀಟರ್ ಸಂದು. ಒಂದೊಂದರ ಮೈಮೇಲೂ 90 ಮೈಕ್ರಾನ್‌ಗೆ ಒಂದರಂತೆ ಪಟ್ಟಿಗಳು. ಎರಡೂ ಸೇರಿ 4,064 ಪಟ್ಟಿ. ಪ್ರತಿ ಪಟ್ಟಿಯನ್ನೂ ಅದರ ಸಂಕೇತ ಓದುವ ಎಲೆಕ್ಟ್ರಾನಿಕ್ ಚಿಪ್ಪಿನ ಕಡೆಗೆ 25 ಮೈಕ್ರಾನ್ ದಪ್ಪದ ಅಲ್ಯೂಮಿನಿಯಂ ತಂತಿಯಿಂದ, ಅಲ್ಟ್ರಾಸಾನಿಕ್ ಒತ್ತಿನಲ್ಲಿ, ಹೊಲಿಯಬೇಕು. ಯಂತ್ರವೇ ಹೊಲಿಯುತ್ತದೆ. ಆದರೆ ಸರಿಯಾಗಿದೆಯೋ ಇಲ್ಲವೋ ಅಂತ ಒಂದೊಂದಾಗಿ ನೋಡಬೇಕಾದವರು ನಾವು. ಬೀಡಿ ಬ್ರಾಂಚಿನಲ್ಲಿ ಅಮ್ಮನ ಕಟ್ಟು ಬಿಚ್ಚಿ ಕಚಡಾ ಬೀಡಿ ಹೆಕ್ಕಿ ಆಚೆ ಹಾಕುತ್ತಿದ್ದವನ ನೆನಪು ನನಗೆ ದಿನಾ ಆಗುತ್ತಿತ್ತು.

ಎರಡು ಸೆನ್ಸರ್ ಯಾಕೆ? ನಿಮ್ಮ ಪ್ರಶ್ನೆಯೇ ತಪ್ಪು ಅಂತ ನಾನು ಹೇಳುವುದು ಇದೇ ಕಾರಣಕ್ಕೆ. 3.8 ಟೆಸ್ಲಾ ಕಾಂತಕ್ಷೇತ್ರದಲ್ಲಿ ಕಡಿಮೆ ಮೊಮೆಂಟಮ್ಮಿನ ಕಣ ಜಾಸ್ತಿ ಬಾಗುತ್ತದೆ, ಹಾಗಾಗಿ ಒಳಗಿನ ಸೆನ್ಸರ್ ದಾಟಿ ಹೊರಗಿನದಕ್ಕೆ ಬರುವಷ್ಟರಲ್ಲಿ ಪಕ್ಕಕ್ಕೆ ಸರಿದಿರುತ್ತದೆ. ಹೆಚ್ಚು ಮೊಮೆಂಟಮ್ಮಿನದು ಹೆಚ್ಚುಕಡಿಮೆ ನೆಟ್ಟಗೆ ಹೋಗುತ್ತದೆ. ಎರಡು ಗುರುತುಗಳ ನಡುವೆ ಎಷ್ಟು ಸರಿದಿದೆ ಅಂತ ನೋಡಿ, ಸುಮಾರು 2 ಜಿಇವಿಗಿಂತ (ಕಣಗಳ ಮೊಮೆಂಟಮ್ ಅಳೆಯುವ ಮಾನ) ಕಡಿಮೆಯದನ್ನು ಮಾಡ್ಯೂಲೇ ಅಲ್ಲಿಂದಲ್ಲಿಗೆ ಬಿಟ್ಟುಬಿಟ್ಟು, ಉಳಿದದ್ದನ್ನು ಟ್ರಿಗರಿಗೆ, ಅಂದರೆ ಯಾವ ಡಿಕ್ಕಿಯನ್ನು ಬರೆದಿಡಬೇಕು ಅಂತ ಆರಿಸುವ ವ್ಯವಸ್ಥೆಗೆ, ಕಳಿಸುತ್ತದೆ. ಸೆಕೆಂಡಿಗೆ 4 ಕೋಟಿ ಸಲ. 2030ರ ಹೊತ್ತಿಗೆ ಶುರುವಾಗಬೇಕಾದ ಹೈ ಲ್ಯುಮಿನಾಸಿಟಿ ಎಲ್‌ಎಚ್‌ಸಿಯಲ್ಲಿ (ಜಾಸ್ತಿ ಡಿಕ್ಕಿ ಆಗುವ ಹಾಗೆ ಬಲಪಡಿಸಿದ ಎಲ್‌ಎಚ್‌ಸಿ) ಒಂದೊಂದು ಸಲಕ್ಕೂ 140ರಿಂದ 200 ಡಿಕ್ಕಿ ಒಟ್ಟಿಗೆ ಆಗುತ್ತವೆ, ಎಲ್ಲವನ್ನೂ ಬರೆದಿಡುವ ಮಾತೇ ಇಲ್ಲ. ಅಂದರೆ ಯಾವ ಘಟನೆ ಉಳಿಯಬೇಕು ಅನ್ನುವ ತೀರ್ಪು ಶುರುವಾಗುವುದು ನೀವು ಅಂಟು ಹಾಕಿ ಕೂರಿಸಿದ ಆ ಎರಡು ಸೆನ್ಸರ್‌ಗಳ ನಡುವೆ. ಅವು ಒಂದಕ್ಕೊಂದು ಓರೆಯಾಗಿ ಕೂತರೆ ತೀರ್ಪೂ ಓರೆ. ಅಲ್ಲಿ ಕಳೆದುಹೋದದ್ದನ್ನು ಯಾವ ಅನಾಲಿಸಿಸ್ಸಿನವನೂ ಆಮೇಲೆ ಹುಡುಕಿ ತರಲಾರ. ಫಿಟ್ಟರ್ ಕೆಲಸವಂತೆ!

ಇದೆಲ್ಲ ನನಗೆ ಆಗ ಬಾಯಿಪಾಠ ಬರುತ್ತಿತ್ತು. ತಲೆಗೆ ಹೋಗಿರಲಿಲ್ಲ.

ಕಟ್ಟಿದ ಮಾಡ್ಯೂಲುಗಳನ್ನು ಪೆಟ್ಟಿಗೆಯಲ್ಲಿಟ್ಟು ಮೈನಸ್ 35 ಡಿಗ್ರಿಗೆ ಇಳಿಸುವುದು, ಮತ್ತೆ ಕೋಣೆಯ ಬಿಸಿಗೆ ತರುವುದು, ಹೀಗೆ ಹತ್ತಾರು ಸಲ. ವಿಕಿರಣ ತಿಂದ ಸಿಲಿಕಾನ್ ತಣ್ಣಗಿಲ್ಲದಿದ್ದರೆ ಅದರ ಸೋರಿಕೆ ಕರೆಂಟು ಏರಿ ಇನ್ನೂ ಬಿಸಿಯಾಗುತ್ತದೆ. ಅದಕ್ಕೇ ಟ್ರ್ಯಾಕರ್ ಜೀವಮಾನವಿಡೀ ಚಳಿಯಲ್ಲಿ ಇರಬೇಕು, ಅದಕ್ಕೇ ಈ ಪರೀಕ್ಷೆ. ಸೆನ್ಸರಿಗೆ 600 ವೋಲ್ಟ್ ಕೊಟ್ಟಿರುತ್ತೇವೆ. ಪೆಟ್ಟಿಗೆಯೊಳಗೆ ಒಣಗಾಳಿ ಹರಿಯುತ್ತಿರುತ್ತದೆ. ತೇವ ಮಿತಿ ಮೀರಿದರೆ ಇಂಟರ್‌ಲಾಕ್ ಅನ್ನುವ ಕಾವಲು ಸರ್ಕ್ಯೂಟ್ ತಾನಾಗಿ ಹೈವೋಲ್ಟೇಜ್ ಕಡಿದುಹಾಕುತ್ತದೆ.

ಅದು ಕಡಿದುಹಾಕಲು ಶುರುಮಾಡಿತು. ರಾತ್ರಿ ಎರಡಕ್ಕೆ, ಮೂರಕ್ಕೆ. ಬೆಳಿಗ್ಗೆ ಬಂದು ನೋಡಿದರೆ ಅಳತೆ ಅರ್ಧಕ್ಕೇ ನಿಂತಿರುತ್ತದೆ. ತೇವ ಅಳೆಯುವ ಸೆನ್ಸರಿಗೇ ತಲೆ ಕೆಟ್ಟಿದೆ ಅಂತ ನಾನು ತೀರ್ಮಾನಿಸಿದೆ. ಅದನ್ನು ಬದಲಾಯಿಸಿ ನೋಡಲಿಲ್ಲ, ಯಾರನ್ನೂ ಕೇಳಲಿಲ್ಲ. ಒಂದು ಶುಕ್ರವಾರ ಸಂಜೆ ಇಂಟರ್‌ಲಾಕ್ ಕೆಲಸ ಮಾಡದ ಹಾಗೆ ಅದರ ಕನೆಕ್ಟರಿನ ಎರಡು ಪಿನ್ನಿಗೆ ತುಂಡು ವಯರ್ ಸಿಕ್ಕಿಸಿ ಮನೆಗೆ ಹೋದೆ.

ತೇವದ ಸೆನ್ಸರಿಗೆ ಏನೂ ಆಗಿರಲಿಲ್ಲ. ಮುಚ್ಚಳದ ರಬ್ಬರಿನಲ್ಲಿ ಉಗುರಿನಷ್ಟು ಉದ್ದದ ಸೀಳು ಇತ್ತು. ಹೊರಗೆ ಗಾಳಿ ಒಣಗಿದ್ದ ದಿನ ಒಣಗಾಳಿಯ ಒತ್ತಡವೇ ಸಾಕಾಗುತ್ತಿತ್ತು, ಮಳೆ ಬಂದ ದಿನ ತೇವ ಒಳಗೆ ನುಗ್ಗುತ್ತಿತ್ತು. ಆಮೇಲೆ ಲಾಗ್ ತೆಗೆದು ನೋಡಿದೆ, ಟ್ರಿಪ್ ಆದ ರಾತ್ರಿಗಳೆಲ್ಲ ಮಳೆಯ ರಾತ್ರಿಗಳೇ. ಜೂನ್ ತಿಂಗಳಲ್ಲಿ ಅಡಿಕೆಗೆ ಬೂಸರು ಹಿಡಿಯುವ ಊರಿನಿಂದ ಬಂದವನು ನಾನು ಮಾರಾಯ್ರೆ, ಮಳೆಗೂ ತೇವಕ್ಕೂ ಗಂಟು ಹಾಕಲು ನನಗೆ ಯಾವ ಲಾಗೂ ಬೇಕಿರಲಿಲ್ಲ.

ಮೈನಸ್ 35ರಲ್ಲಿ ನುಗ್ಗಿದ ತೇವ ಮಾಡ್ಯೂಲಿನ ಮೇಲೆ ಹಿಮವಾಗಿ ಕೂತಿತು. ಅಷ್ಟು ಹೊತ್ತು ಏನೂ ಆಗಲಿಲ್ಲ, ಕರೆಂಟಿನ ಗ್ರಾಫು ನೆಟ್ಟಗೆ ಗೆರೆ ಎಳೆದ ಹಾಗೆ ಇತ್ತು. ಶನಿವಾರ ಬೆಳಿಗ್ಗೆ ಪೆಟ್ಟಿಗೆ ತಾನಾಗಿ ಬಿಸಿಯಾಗತೊಡಗಿದಾಗ ಹಿಮ ಕರಗಿತು. ಮಾಡ್ಯೂಲಿನ ಸಿಲಿಕಾನ್ ಸೆನ್ಸರುಗಳಲ್ಲಿ ಹಿಂಭಾಗಕ್ಕೆ ಕೊಟ್ಟ 600 ವೋಲ್ಟು ಕತ್ತರಿಸಿದ ಅಂಚಿನವರೆಗೂ ಬಂದಿರುತ್ತದೆ. ಮುಂಭಾಗದಲ್ಲಿ, ಅಂಚಿನಿಂದ ಒಂದು ಮಿಲಿಮೀಟರಿನಷ್ಟು ಒಳಗೆ, ಸೊನ್ನೆ ವೋಲ್ಟಿನ ಉಂಗುರ. ನಡುವೆ ನೀರಿನ ತೆಳು ಪೊರೆ. ಮೈಕ್ರೋಆಂಪಿಗಿಂತ ಕೆಳಗಿದ್ದ ಕರೆಂಟು ಸಪ್ಲೈಯ ಮಿತಿಗೆ ಹೋಗಿ ಬಡಿಯಿತು. ಎರಡು ಮಾಡ್ಯೂಲಿನ ಅಂಚಿನಲ್ಲಿ ಕಿಡಿ ಹಾರಿ ಕರಕಲು. ಉಳಿದೆರಡು ಬದುಕಿದ ಹಾಗೆ ಕಂಡವು. ಕೆಲವು ದಿನ ಕಳೆದ ಮೇಲೆ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಹೊಲಿದ ಆ ತಂತಿಗಳ ಬುಡದಲ್ಲಿ ಬಿಳಿ ಹುಡಿ, ಅಲ್ಯೂಮಿನಿಯಂ ತುಕ್ಕು. ಅವನ್ನೂ ಬಿಡಬೇಕಾಯಿತು.

ಹೇಳಿಕೊಂಡೆ. ಗುಂಪಿನ ಹಿರಿಯರು ಬೈಯಲಿಲ್ಲ. ವಯರಿನ ತುಂಡನ್ನು ಕೈಯಲ್ಲಿ ಹಿಡಿದು, 'ಇದನ್ನು ಹಾಕುವ ಮೊದಲು ಯಾವ ಪ್ರಶ್ನೆ ಕೇಳಿಕೊಂಡೆ?' ಅಂದರು. ಉತ್ತರ ಇರಲಿಲ್ಲ. ಮನೆಗೆ ಫೋನ್ ಮಾಡಿದಾಗ ಅಪ್ಪನಿಗೆ ಇಷ್ಟೂ ಹೇಳಿದೆ. ಅವರು ಕೇಳಿದ್ದು ಒಂದೇ: 'ವೈಂಡಿಂಗ್ ಮಾಡಿಸಲಿಕ್ಕೆ ಆಗುವುದಿಲ್ಲವಾ?'

ನನ್ನ ಮಟ್ಟದವರು ಮಾತ್ರ ಹೀಗೆ ಅಂತ ತಿಳಿಯಬೇಡಿ. 2017ರಲ್ಲಿ ಸಿಎಂಎಸ್‌ಗೆ ಹೊಸ ಪಿಕ್ಸೆಲ್ ಡಿಟೆಕ್ಟರ್ (ಟ್ರ್ಯಾಕರಿನ ತೀರಾ ಒಳಗಿನ ಭಾಗ) ಹಾಕಿದರು, 6.6 ಕೋಟಿ ಪಿಕ್ಸೆಲ್ ಇದ್ದದ್ದು 12.4 ಕೋಟಿ ಆಯಿತು. ವಿಕಿರಣ ತಾಗಿ ಅದರ ಒಂದು ಬಗೆಯ ಚಿಪ್ಪು ಆಗಾಗ ಸ್ತಬ್ಧವಾಗುತ್ತಿತ್ತು. ಮದ್ದು ಸುಲಭ: ಅದಕ್ಕೆ ವೋಲ್ಟೇಜ್ ಇಳಿಸಿ ಕೊಡುವ ಡಿಸಿ-ಡಿಸಿ ಕನ್ವರ್ಟರ್ ಆಫ್ ಮಾಡಿ ಆನ್ ಮಾಡಿದರೆ ಚಿಪ್ಪು ಏಳುತ್ತದೆ. ಆ ಶರತ್ಕಾಲದಲ್ಲಿ ಕನ್ವರ್ಟರುಗಳೇ ಸಾಯತೊಡಗಿದವು. ವಿಕಿರಣ ತಿಂದ ಕನ್ವರ್ಟರನ್ನು ಆಫ್ ಸ್ಥಿತಿಯಲ್ಲಿಟ್ಟಾಗ ಒಳಗಿನ ಒಂದು ಟ್ರಾನ್ಸಿಸ್ಟರಿನ ಸೋರಿಕೆಯಿಂದ ವೋಲ್ಟೇಜು ಏರುತ್ತಿತ್ತಂತೆ. ಚಳಿಗಾಲದ ಬಿಡುವಿನಲ್ಲಿ ಡಿಟೆಕ್ಟರನ್ನು ಹೊರಗೆಳೆದು ಅಷ್ಟನ್ನೂ ಬದಲಾಯಿಸಿದರು. ಅದು ಅಸಡ್ಡೆಯಲ್ಲ, ಯಾರಿಗೂ ಮೊದಲೇ ಗೊತ್ತಿರಲಿಲ್ಲ. ಆದರೆ ಅದರ ಕಾರಣ ಹುಡುಕಿದವರು ಮಾಡಿದ್ದು ಅಪ್ಪಟ ಫಿಸಿಕ್ಸ್.

ಹಾಗಾಗಿ 'ಹಾರ್ಡ್‌ವೇರೋ ಅನಾಲಿಸಿಸ್ಸೋ' ಅಂತ ತೂಗುವುದು ಬಿಡಿ. ನನ್ನ ಪ್ರಕಾರ ಅನಾಲಿಸಿಸ್ ಆಮೇಲೂ ಸಿಗುತ್ತದೆ, ಲ್ಯಾಪ್‌ಟಾಪಿದ್ದರೆ ಪೆರ್ಲದಲ್ಲಿ ಕೂತೂ ಕಲಿಯಬಹುದು. ಟ್ರ್ಯಾಕರ್ ಕಟ್ಟುವ ಕಾಲ ಮತ್ತೆ ಮತ್ತೆ ಬರುವುದಿಲ್ಲ, ಒಮ್ಮೆ ಒಳಗೆ ಕೂರಿಸಿದರೆ ಹತ್ತು ವರ್ಷ ಅದೇ. ಕನ್ನಡ ಮೀಡಿಯಂ ಅಂತ ಬರೆದಿದ್ದೀರಲ್ಲ, ಅದು ಮೂರು ತಿಂಗಳ ಕಷ್ಟ, ಅದಕ್ಕಿಂತ ಜಾಸ್ತಿಯಿಲ್ಲ.

ಕರೆದಿರುವ ಗುಂಪಿನವರ ಹತ್ತಿರ ಎರಡು ವಿಷಯ ಮಾತ್ರ ಕೇಳಿ. ಕೆಟ್ಟ ಮಾಡ್ಯೂಲನ್ನು ಯಾಕೆ ಕೆಟ್ಟಿತು ಅಂತ ಬಿಚ್ಚಿ ನೋಡಲು ಹೊಸಬರಿಗೆ ಸಮಯ ಕೊಡುತ್ತಾರಾ, ಇಲ್ಲ ದಿನಕ್ಕೆ ಇಂತಿಷ್ಟು ಮುಗಿಸು ಅನ್ನುತ್ತಾರಾ? ಇನ್ನೊಂದು, ಮಳೆ ಬರುವ ದಿನ ಆ ಕೋಣೆಯ ತೇವಾಂಶ ಎಷ್ಟು? ಎರಡನೆಯದಕ್ಕೆ ಸಂಖ್ಯೆ ಬಾಯಲ್ಲೇ ಬಂದರೆ ಪೆಟ್ಟಿಗೆ ಕಟ್ಟಿ ಹೊರಡಿ. 'ಎಸಿ ಉಂಟು, ತೊಂದರೆ ಇಲ್ಲ' ಅಂದರೆ ಇನ್ನೊಂದು ಗುಂಪು ನೋಡಿ.