ಪದವಿ ಉಯಿಲಿನಲ್ಲಿ ಬರುವುದಿಲ್ಲ: ಒಂದು ಕಥೆಗೆ ಸಂಪಾದಕರ ಉತ್ತರ

ಪ್ರಿಯ ಲೇಖಕರೇ,

‘ಮಾರ್ಕ್ವೆಸ್‌ನ ಮಗ’ ಕಥೆಯನ್ನು ಪೂರ್ತಿ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗದು. ಆದರೆ ಶ್ರೀರಂಗಪಟ್ಟಣ ಬಿದ್ದಾಗ ಗವರ್ನರ್ ಜನರಲ್ ಆಗಿದ್ದ ರಿಚರ್ಡ್ ವೆಲ್ಲೆಸ್ಲಿಯನ್ನು ಅವನ ಐರಿಷ್ ಮನೆತನದ ಕಡೆಯಿಂದ ನೋಡುವ ಯೋಚನೆ ಚೆನ್ನಾಗಿದೆ. ತಿದ್ದಿದರೆ ನಿಲ್ಲುವ ಕಥೆ ಇದು, ಹಾಗಾಗಿ ಬಿಡಿಸಿ ಬರೆಯುತ್ತಿದ್ದೇನೆ.

ನಿಮ್ಮ ಕಥೆಯಲ್ಲಿ 1842ರಲ್ಲಿ ಮಾರ್ಕ್ವೆಸ್, ಅಂದರೆ ಈ ರಿಚರ್ಡ್, ಸಾಯುತ್ತಾನೆ. (ಕುಲೀನ ಪದವಿಗಳು ಮೇಲಿನಿಂದ ಕೆಳಕ್ಕೆ: ಡ್ಯೂಕ್, ಮಾರ್ಕ್ವೆಸ್, ಅರ್ಲ್, ವೈಕೌಂಟ್, ಬ್ಯಾರನ್.) ಅದೇ ಹೆಸರಿನ ಹಿರಿಮಗ ರಿಚರ್ಡ್ ಉಯಿಲು ಹಿಡಿದು ದೊರೆಯ ಮುಂದೆ ನಿಲ್ಲುತ್ತಾನೆ. ಅವನು ತಂದೆತಾಯಿಯ ಮದುವೆಗೆ ಮುಂಚೆ ಹುಟ್ಟಿದವನೆಂಬ ಗುಟ್ಟು ಕೊನೆಯ ಪುಟದಲ್ಲಿ ರಟ್ಟಾಗುತ್ತದೆ, ಪದವಿಗಳೆಲ್ಲ ಚಿಕ್ಕಪ್ಪ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಪಾಲಾಗುತ್ತವೆ. ಇದರಲ್ಲಿ ವರ್ಷ ಮತ್ತು ಮದುವೆಗೆ ಮುಂಚಿನ ಹುಟ್ಟು, ಇವೆರಡೇ ಸರಿ. ಆಗ ಸಿಂಹಾಸನದ ಮೇಲಿದ್ದದ್ದು ವಿಕ್ಟೋರಿಯಾ ರಾಣಿ. ಹಿರಿಮಗ ರಿಚರ್ಡ್ 1831ರಲ್ಲೇ ತೀರಿಕೊಂಡಿದ್ದ, ಎರಡನೆಯವನು ಜೆರಾಲ್ಡ್ 1833ರಲ್ಲಿ. ಉಳಿದಿದ್ದವನು ಪಾದ್ರಿಯಾಗಿದ್ದ ಹೆನ್ರಿ. ಇವೆಲ್ಲ ಒಂದು ಸಂಜೆ ಕೂತು ತಿದ್ದಬಹುದಾದ ತಪ್ಪುಗಳು. ಉಯಿಲಿನದು ಹಾಗಲ್ಲ, ಕಥೆಯ ಬುಡವೇ ಅದರ ಮೇಲೆ ನಿಂತಿದೆ.

ಪದವಿ ಆಸ್ತಿಯ ಹಾಗೆ ಬರೆದುಕೊಡುವ ವಸ್ತುವಲ್ಲ. ಅದನ್ನು ಸೃಷ್ಟಿಸಿದ ರಾಜಸನ್ನದಿನಲ್ಲಿ ಯಾರ ನಂತರ ಯಾರು ಎಂಬುದು ಮೊದಲೇ ನಮೂದಾಗಿರುತ್ತದೆ. ಐರಿಷ್ ಪದವಿಗಳಲ್ಲಿ ಸಾಮಾನ್ಯವಾಗಿ ಕಾಣುವ ಒಕ್ಕಣೆ ‘ಆತನ ಔರಸ (ಕಾನೂನುಬದ್ಧ ಮದುವೆಯಲ್ಲಿ ಹುಟ್ಟಿದ) ಗಂಡು ಸಂತತಿಗೆ’ ಎಂಬುದು. ಪದವಿ ಹೊಂದಿದವನು ಸತ್ತ ಕ್ಷಣದಲ್ಲೇ ಅದು ಮುಂದಿನವನದಾಗುತ್ತದೆ. ಯಾರೂ ಯಾರ ಮುಂದೆಯೂ ಕೈಚಾಚಿ ನಿಲ್ಲಬೇಕಿಲ್ಲ. ವಿಧವೆ ಬಸುರಿಯಾಗಿದ್ದರೆ ಮಾತ್ರ ಹೆರಿಗೆಯವರೆಗೆ ಕಾಯಬೇಕು. ನಿಮ್ಮ ಮೂರನೇ ಅಧ್ಯಾಯದಲ್ಲಿ ವಕೀಲ ದತ್ತು ತೆಗೆದುಕೊಳ್ಳುವ ಸಲಹೆ ಕೊಡುತ್ತಾನೆ. ಅದು ಮೈಸೂರು ಅರಮನೆಯ ದಾರಿ. ಚಾಮರಾಜೇಂದ್ರ ಒಡೆಯರ್ ದತ್ತಕದಿಂದ ಪಟ್ಟಕ್ಕೆ ಬಂದರು, ನಿಜ. ಐರಿಷ್ ಸನ್ನದಿನಲ್ಲಿ ದತ್ತುಮಗನಿಗೆ ಜಾಗವಿಲ್ಲ. ಆ ಅಧ್ಯಾಯವನ್ನು ಪೂರ್ತಿ ತೆಗೆದುಬಿಡಿ.

ಸನ್ನದು ಓದುವಾಗ ಮುಖ್ಯ ಪ್ರಶ್ನೆ ಒಂದೇ: ಯಾರ ಸಂತತಿಗೆ? ಮಾರ್ಕ್ವೆಸ್ ವೆಲ್ಲೆಸ್ಲಿ ಪದವಿಯನ್ನು 1799ರ ಡಿಸೆಂಬರ್‌ನಲ್ಲಿ ರಿಚರ್ಡನಿಗೇ ಹೊಸದಾಗಿ ಕೊಟ್ಟರು. ಅದರ ಬೇರು ಅವನೇ, ಅವನಿಗೆ ಔರಸ ಗಂಡುಮಗ ಇಲ್ಲದಿದ್ದರೆ ಅಲ್ಲಿಗೆ ಮುಗಿಯಿತು. ಅರ್ಲ್ ಆಫ್ ಮಾರ್ನಿಂಗ್ಟನ್ ಪದವಿ ಬಂದದ್ದು 1760ರಲ್ಲಿ, ಅವನ ತಂದೆ ಗ್ಯಾರೆಟ್ ವೆಸ್ಲಿಗೆ (ಮನೆತನದ ಹೆಸರು ಆಗ ವೆಸ್ಲಿ). ಅದರ ಬೇರು ತಂದೆ, ಆದ್ದರಿಂದ ರಿಚರ್ಡನ ತಮ್ಮಂದಿರೂ ಸಾಲಿನಲ್ಲಿದ್ದಾರೆ. 1842ರ ಸೆಪ್ಟೆಂಬರ್ 26ರಂದು ರಿಚರ್ಡ್ ಸತ್ತಾಗ ಮಾರ್ಕ್ವೆಸ್ ಪದವಿ ಅಳಿಯಿತು, 1797ರಲ್ಲಿ ಸಿಕ್ಕಿದ್ದ ಬ್ರಿಟಿಷ್ ಬ್ಯಾರನ್ ಪದವಿಯೂ ಅಳಿಯಿತು. ಅರ್ಲ್ ಪದವಿ ಉಳಿಯಿತು. ಅದು ಹೋದದ್ದು ವಾಟರ್‌ಲೂ ವೀರ ಆರ್ಥರನಿಗೂ, ಅಂದರೆ ಡ್ಯೂಕ್ ಆಫ್ ವೆಲ್ಲಿಂಗ್ಟನ್‌ಗೂ, ಅಲ್ಲ. ಅವನಿಗಿಂತ ಹಿರಿಯ ತಮ್ಮ ವಿಲಿಯಂ, 79 ವರ್ಷದವನು, ಇನ್ನೂ ಬದುಕಿದ್ದ. ಕೀರ್ತಿಗೆ ಇಲ್ಲಿ ಬೆಲೆಯಿಲ್ಲ, ಹುಟ್ಟಿನ ಕ್ರಮಕ್ಕೆ ಮಾತ್ರ.

ಇನ್ನು ನಿಮ್ಮ ‘ಗುಟ್ಟು’. ಹಯಾಸಿಂಥ್ ಗೇಬ್ರಿಯೆಲ್ ರೋಲಾಂಳನ್ನು ರಿಚರ್ಡ್ ಮದುವೆಯಾದದ್ದು 1794ರ ನವೆಂಬರ್‌ನಲ್ಲಿ. ಐವರು ಮಕ್ಕಳೂ ಅದಕ್ಕೆ ಮೊದಲೇ ಹುಟ್ಟಿದವರು. ಆಮೇಲೆ ತಾಳಿ ಕಟ್ಟಿದರೆ ಮುಂಚೆ ಹುಟ್ಟಿದ ಮಕ್ಕಳು ಔರಸರಾಗುವ ವ್ಯವಸ್ಥೆ ಸ್ಕಾಟ್ಲೆಂಡಿನಲ್ಲಿತ್ತು. ಇಂಗ್ಲೆಂಡ್, ಐರ್ಲೆಂಡುಗಳಲ್ಲಿ ಇರಲಿಲ್ಲ. 1926ರ ಇಂಗ್ಲಿಷ್ ಕಾಯ್ದೆ ಅಂಥ ಮಕ್ಕಳನ್ನು ಔರಸರೆಂದು ಒಪ್ಪಿದಾಗಲೂ ಪದವಿಯ ಉತ್ತರಾಧಿಕಾರವನ್ನು ಹೊರಗೇ ಇಟ್ಟಿತು. ಇದು ಗುಟ್ಟಾಗಿ ಉಳಿಯುವಂಥದ್ದೂ ಅಲ್ಲ. ಔರಸನಾಗಿದ್ದರೆ ಹಿರಿಮಗನನ್ನು ಚಿಕ್ಕಂದಿನಲ್ಲೇ ‘ವೈಕೌಂಟ್ ವೆಲ್ಲೆಸ್ಲಿ’ ಎಂದೂ, ತಂದೆ ಮಾರ್ಕ್ವೆಸ್ ಆದ ಮೇಲೆ ‘ಅರ್ಲ್ ಆಫ್ ಮಾರ್ನಿಂಗ್ಟನ್’ ಎಂದೂ ಕರೆಯುತ್ತಿದ್ದರು. ಅವನು ಸಾಯುವತನಕ ಬರೀ ಮಿಸ್ಟರ್ ವೆಲ್ಲೆಸ್ಲಿ. ಅವನನ್ನು ಪರಿಚಯಿಸುವಾಗೆಲ್ಲ ಎದುರಿದ್ದವರಿಗೆ ವಿಷಯ ತಿಳಿಯುತ್ತಿತ್ತು. ನೀವು ಮಾರ್ಕ್ವೆಸ್‌ನ ಮಗಳನ್ನು ‘ಲೇಡಿ ಆನ್ ವೆಲ್ಲೆಸ್ಲಿ’ ಎಂದು ಬರೆದಿರುವುದೂ ಇದೇ ಕಾರಣಕ್ಕೆ ತಪ್ಪು. ಆಕೆ ‘ಲೇಡಿ’ ಆದದ್ದು ಗಂಡಂದಿರಿಂದ: ಮೊದಲು ಲೇಡಿ ಆಬ್ಡಿ, ಆಮೇಲೆ ಲೇಡಿ ಚಾರ್ಲ್ಸ್ ಬೆಂಟಿಂಕ್. (ಎರಡನೇ ಎಲಿಜಬೆತ್ ರಾಣಿಯ ತಾಯಿ ಇದೇ ಆನ್‌ಳ ವಂಶದವರು. ಅರ್ಲ್ ಪದವಿಗೆ ಸಲ್ಲದ ರಕ್ತ ಸಿಂಹಾಸನಕ್ಕೆ ಸಂದಿತು! ಕಥೆಯಲ್ಲಿ ಬಳಸಬೇಡಿ, ಕಾಲ ಮೀರುತ್ತದೆ.)

ಹಾಗಾದರೆ ಕುತೂಹಲ ಎಲ್ಲಿಡುವುದು? 1825ರಲ್ಲಿ. ಹಯಾಸಿಂಥ್ 1816ರಲ್ಲಿ ಸತ್ತಿದ್ದಳು. ಐರ್ಲೆಂಡಿನ ವೈಸ್‌ರಾಯ್ ಆಗಿದ್ದ ರಿಚರ್ಡ್ 65ನೇ ವಯಸ್ಸಿನಲ್ಲಿ ಅಮೆರಿಕದ ವಿಧವೆ ಮರಿಯಾನ್ ಪ್ಯಾಟರ್ಸನ್‌ಳನ್ನು ಮದುವೆಯಾದ. ಆಕೆಗೊಂದು ಗಂಡುಮಗು ಹುಟ್ಟಿದ್ದರೆ ಆ ಕೂಸೇ ಮಾರ್ಕ್ವೆಸ್. ವಯಸ್ಸಿಗೆ ಬಂದ ಮೂವರು ಗಂಡುಮಕ್ಕಳು, ಅರ್ಲ್ ಪದವಿಗೆ ಕಾದಿರುವ ತಮ್ಮ, ಮನೆಗೆ ಬಂದ ಹೊಸ ಹೆಂಡತಿ: ಯಾರ ಬಾಯಿಂದಲೂ ಏನನ್ನೂ ರಟ್ಟು ಮಾಡಿಸದೆ ಇಡೀ ಕಥೆ ನಡೆಯುತ್ತದೆ. ಮಗು ಹುಟ್ಟಲಿಲ್ಲ.

ಉಯಿಲಿನ ಮೋಹ ಬಿಡಲಾಗದಿದ್ದರೆ ಅದಕ್ಕೂ ಈ ಮನೆಯಲ್ಲೇ ಎರಡು ಜಾಗಗಳಿವೆ. 1728ರಲ್ಲಿ ಗ್ಯಾರೆಟ್ ವೆಸ್ಲಿ ಎಂಬ ಹಿರಿಯ (ರಿಚರ್ಡನ ತಂದೆಯಲ್ಲ, ಅದೇ ಹೆಸರಿನ ಇನ್ನೊಬ್ಬ) ಮಕ್ಕಳಿಲ್ಲದೆ ಸತ್ತು, ಮೀತ್ ಕೌಂಟಿಯ ಡ್ಯಾಂಗನ್ ಆಸ್ತಿ ರಿಚರ್ಡ್ ಕಾಲಿ ಎಂಬ ನೆಂಟನಿಗೆ (ನಮ್ಮ ರಿಚರ್ಡನ ಅಜ್ಜ) ಬಂತು. ಅವನು ಕಾಲಿ ಹೆಸರು ಬಿಟ್ಟು ವೆಸ್ಲಿ ಆದ. ಮಾರ್ನಿಂಗ್ಟನ್ ಬ್ಯಾರನ್ ಪದವಿ ಅವನಿಗೆ ಬೇರೆಯಾಗಿ ಸಿಕ್ಕಿದ್ದು 1746ರಲ್ಲಿ. ನೀವು ಈ ಎರಡನ್ನೂ ಒಂದೇ ಪತ್ರದಲ್ಲಿ ಸೇರಿಸಿದ್ದೀರಿ. ಎರಡನೆಯದು 1863. ವಿಲಿಯಂನ ಮೊಮ್ಮಗ, ಐದನೇ ಅರ್ಲ್, ಮದುವೆಯಿಲ್ಲದೆ ಸತ್ತ. ವಿಲ್ಟ್‌ಶೈರಿನ ಡ್ರೇಕಾಟ್ ಆಸ್ತಿಯನ್ನು ತನಗಿಷ್ಟವಾದ ದಾಯಾದಿ ಅರ್ಲ್ ಕೌಲಿಗೆ ಬರೆದಿಟ್ಟಿದ್ದ. ಪದವಿಯನ್ನು ಹಾಗೆ ಬರೆದಿಡಲು ಆಗಲಿಲ್ಲ. ಕೌಲಿ ಮಾರ್ಕ್ವೆಸ್‌ನ ಕಿರಿಯ ತಮ್ಮ ಹೆನ್ರಿಯ ಮಗ. ಅವನಿಗಿಂತ ಮುಂದೆ ಆರ್ಥರನ ಮಗ, ಎರಡನೇ ಡ್ಯೂಕ್, ಇದ್ದ. ಸತ್ತವನ ಒಡಹುಟ್ಟಿದ ತಂಗಿ ಲೇಡಿ ವಿಕ್ಟೋರಿಯಾ ಬದುಕಿದ್ದರೂ ಹೆಣ್ಣಾದ್ದರಿಂದ ಲೆಕ್ಕಕ್ಕಿಲ್ಲ. ಜಮೀನು ಒಬ್ಬನಿಗೆ, ಪದವಿ ಇನ್ನೊಬ್ಬನಿಗೆ. ನೀವು 1842ಕ್ಕೆ ಬರೆದ ‘ಡ್ಯೂಕ್ ಪಾಲಾಯಿತು’ ಎಂಬ ಮಾತು ನಿಜವಾದದ್ದು ಈ ವರ್ಷ, ಅದೂ ಮುಂದಿನ ತಲೆಮಾರಿನ ಡ್ಯೂಕ್‌ಗೆ.

ಮೊದಲ ಅಧ್ಯಾಯದಲ್ಲಿ ಶ್ರೀರಂಗಪಟ್ಟಣ ಬಿದ್ದ ಮರುವಾರವೇ ರಿಚರ್ಡನಿಗೆ ಪದವಿ ಬರುತ್ತದೆ. ಮೇ 4ರ ಸುದ್ದಿ ಹಡಗಿನಲ್ಲಿ ಲಂಡನ್ ಮುಟ್ಟಲು ತಿಂಗಳುಗಳೇ ಬೇಕಿದ್ದವು, ಪದವಿ ಬಂದದ್ದು ವರ್ಷದ ಕೊನೆಗೆ. ಅವನು ‘ಹಿಗ್ಗಿದ’ ಎಂದಿದ್ದೀರಿ. ಉರಿದುಬಿದ್ದ ಎನ್ನಬೇಕು. ಬ್ರಿಟಿಷ್ ಮಾರ್ಕ್ವೆಸ್ ಪದವಿ ನಿರೀಕ್ಷಿಸಿದ್ದವನಿಗೆ ಸಿಕ್ಕಿದ್ದು ಐರಿಷ್ ಪದವಿ. ಎರಡು ಸಲ ಚಿನ್ನದ ನೀರು ಕುಡಿಸಿದ ಆಲೂಗಡ್ಡೆ ಎಂದು ಅದನ್ನು ಹಂಗಿಸಿದ. ಲಂಡನ್ನಿನ ಪ್ರಭುಸಭೆಯಲ್ಲಿ ಐರಿಷ್ ಪದವಿಯ ಬಲದಿಂದ ಕೂರುವಂತಿರಲಿಲ್ಲ. ಎರಡೂ ಪಾರ್ಲಿಮೆಂಟುಗಳು 1801ರಲ್ಲಿ ಒಂದಾದ ಮೇಲೂ ಐರಿಷ್ ಪ್ರಭುಗಳು ತಮ್ಮೊಳಗಿಂದ ಆರಿಸಿ ಕಳಿಸಿದ 28 ಜನರಿಗೆ ಮಾತ್ರ ಆ ಅವಕಾಶ. ಲೂಟಿಯ ಪಾಲಾಗಿ ಬಂದ ಒಂದು ಲಕ್ಷ ಪೌಂಡನ್ನು ಬೇಡವೆಂದ ಮನುಷ್ಯ ಪದವಿಯ ವಿಷಯಕ್ಕೆ ಹೀಗೆ ಕುದಿಯುತ್ತಾನೆ. ನಿಮ್ಮ ಪಾತ್ರಕ್ಕೆ ಇಲ್ಲದಿರುವ ಜೀವ ಇಲ್ಲಿದೆ.

ಸಂಭಾಷಣೆಯಲ್ಲಿ ಸೇವಕರು ಮಾರ್ಕ್ವೆಸ್‌ಗೆ ‘ಯುವರ್ ಗ್ರೇಸ್’ ಎನ್ನುತ್ತಾರೆ. ಕುಲೀನ ಪದವಿಗಳಲ್ಲಿ ಅದು ಡ್ಯೂಕ್‌ಗೆ ಮಾತ್ರ. ಇವನಿಗೆ ‘ಮೈ ಲಾರ್ಡ್’.

ಮತ್ತೆ ಬರೆಯುವ ಮುನ್ನ ಒಂದು ಹಾಳೆಯಲ್ಲಿ ವಂಶವೃಕ್ಷ ಹಾಕಿ. ಪ್ರತಿ ಹೆಸರಿನ ಕೆಳಗೆ ಹುಟ್ಟು, ತಂದೆತಾಯಿಯ ಮದುವೆ, ಸಾವು ಈ ಮೂರು ದಿನಾಂಕ ಬರೆಯಿರಿ. ಹೆಚ್ಚಿನವರು ಮಧ್ಯದ್ದನ್ನು ಬಿಡುತ್ತಾರೆ, ಹಕ್ಕು ಬಿದ್ದುಹೋಗುವುದು ಅಲ್ಲೇ. ಪಕ್ಕದಲ್ಲಿ ಪ್ರತಿ ಪದವಿಗೂ ಬೇರೆ ಗೆರೆ ಎಳೆದು ಅದರ ಮೊದಲ ವ್ಯಕ್ತಿ ಯಾರೆಂದು ಗುರುತು ಹಾಕಿ. ಆಸ್ತಿಗೆ ಇನ್ನೊಂದು ಬಣ್ಣದ ಶಾಯಿ ಇರಲಿ. ಆಮೇಲೆ 1825ರಿಂದ ಶುರುಮಾಡಿ ಹತ್ತು ಪುಟ ಬರೆದು ಕಳಿಸಿ, ವಂಶವೃಕ್ಷದ ಹಾಳೆಯನ್ನೂ ಜೊತೆಗಿಡಿ.

ಇಂತಿ,
ಸಂಪಾದಕ