ಜಾವಾದಲ್ಲಿ ಒಂದೇ ಸ್ಟ್ರಿಂಗನ್ನು (ಅಕ್ಷರಗಳ ಸಾಲನ್ನು) ಹಲವು ಬಾರಿ ಪುನರಾವರ್ತಿಸುವುದು ಹೇಗೆ?

ಪೈಥಾನ್‌ನಲ್ಲಿ ಅಡ್ಡಗೆರೆಯನ್ನು 60ರಿಂದ ಗುಣಿಸಿದರೆ ವರದಿಯ ತಲೆಬರಹದ ಕೆಳಗಿನ ಗೆರೆ ಸಿದ್ಧವಾಗುತ್ತದೆ, ಜಾವಾದಲ್ಲಿ ಹಾಗೆಯೇ ಬರೆದರೆ ಕಂಪೈಲ್ ಆಗುವುದಿಲ್ಲ, ಏನು ಮಾಡಲಿ ಎಂದು ಕೇಳಿದ್ದೀರಿ. ಜಾವಾದಲ್ಲಿ ಸ್ಟ್ರಿಂಗ್‌ಗಳನ್ನು ಪ್ಲಸ್ ಚಿಹ್ನೆಯಿಂದ ಜೋಡಿಸಬಹುದು, ಆದರೆ ಗುಣಾಕಾರ ಸಂಖ್ಯೆಗಳಿಗಷ್ಟೇ ಮೀಸಲು. 2018ರ ಸೆಪ್ಟೆಂಬರ್‌ನಲ್ಲಿ ಬಂದ ಜಾವಾ 11ರಿಂದ ಸ್ಟ್ರಿಂಗ್ ಕ್ಲಾಸಿನಲ್ಲಿಯೇ ರಿಪೀಟ್ (repeat) ಎಂಬ ಮೆಥಡ್, ಅಂದರೆ ಕರೆದಾಗ ಒಂದು ಕೆಲಸ ಮಾಡಿಕೊಡುವ ಸಿದ್ಧ ಕೋಡ್, ಇದೆ. ಅಡ್ಡಗೆರೆಯ ಸ್ಟ್ರಿಂಗ್ ಮೇಲೆ ಅದನ್ನು ಕರೆದು 60 ಎಂದು ಕೊಟ್ಟರೆ ನಿಮ್ಮ ಗೆರೆ ಸಿಗುತ್ತದೆ. ಸೊನ್ನೆ ಕೊಟ್ಟರೆ ಖಾಲಿ ಸ್ಟ್ರಿಂಗ್ ಬರುತ್ತದೆ. ಋಣ ಸಂಖ್ಯೆ ಕೊಟ್ಟರೆ ಮಾತ್ರ ಎಕ್ಸೆಪ್ಶನ್ (ಪ್ರೋಗ್ರಾಂ ಓಡುವಾಗಿನ ದೋಷ) ಏಳುತ್ತದೆ, ಮತ್ತು ಕಾಲಮ್ಮಿನ ಅಗಲದಿಂದ ಹೆಸರಿನ ಉದ್ದ ಕಳೆದು ಉಳಿದ ಜಾಗಕ್ಕೆ ಸ್ಪೇಸ್ ತುಂಬುವಾಗ, ಹೆಸರು ಕಾಲಮ್ಮಿಗಿಂತ ಉದ್ದವಾದ ದಿನ ಇದು ಖಂಡಿತ ಎದುರಾಗುತ್ತದೆ. ಆದ್ದರಿಂದ ಆ ವ್ಯತ್ಯಾಸ ಸೊನ್ನೆಗಿಂತ ಕೆಳಗಿಳಿಯದಂತೆ ಮೊದಲೇ ನೋಡಿಕೊಳ್ಳಿ.

ನಿಮ್ಮಲ್ಲಿ ಇನ್ನೂ ಜಾವಾ 8 ಇದ್ದರೆ ಸ್ಟ್ರಿಂಗ್‌ಬಿಲ್ಡರ್ ಬಳಸಿ, ಲೂಪಿನಲ್ಲಿ ಅಪೆಂಡ್ ಮಾಡಿ (ಕೊನೆಗೆ ಸೇರಿಸುತ್ತ ಹೋಗಿ). ಲೂಪಿನೊಳಗೆ ಪ್ಲಸ್ ಚಿಹ್ನೆಯಿಂದ ಸ್ಟ್ರಿಂಗ್ ಬೆಳೆಸುವುದನ್ನು ದಯವಿಟ್ಟು ರೂಢಿ ಮಾಡಿಕೊಳ್ಳಬೇಡಿ. ಜಾವಾದ ಸ್ಟ್ರಿಂಗ್ ಒಮ್ಮೆ ಹುಟ್ಟಿದ ಮೇಲೆ ಬದಲಾಗುವುದಿಲ್ಲವಾದ್ದರಿಂದ, ಪ್ರತಿ ಸುತ್ತಿನಲ್ಲೂ ಹಳೆಯದಷ್ಟನ್ನೂ ನಕಲು ಮಾಡಿ ಹೊಸ ಸ್ಟ್ರಿಂಗ್ ಕಟ್ಟಬೇಕಾಗುತ್ತದೆ. ಒಂದು ಅಕ್ಷರವನ್ನು ಹೀಗೆ 10,000 ಬಾರಿ ಸೇರಿಸಿದರೆ ಒಟ್ಟು ಸುಮಾರು 5 ಕೋಟಿ ಅಕ್ಷರಗಳ ನಕಲು ನಡೆದಿರುತ್ತದೆ. ರಿಪೀಟ್ ಮೆಥಡ್ ಬೇಕಾದಷ್ಟು ಜಾಗವನ್ನು ಮೊದಲೇ ಕಾದಿರಿಸಿ, ತುಂಬಿದ ಭಾಗವನ್ನೇ ಪಕ್ಕಕ್ಕೆ ನಕಲಿಸುತ್ತ ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಸುತ್ತದೆ. ಒಂದು ಪದವನ್ನು 10,000 ಬಾರಿ ಬರೆಯಲು ಅದಕ್ಕೆ 14 ನಕಲುಗಳು ಸಾಕು. ನನಗೆ ಬಹಳ ಹಿಡಿಸಿದ ಜಾಣ್ಮೆ ಇದು.

ನಡುವೆ ಅಲ್ಪವಿರಾಮ ಬೇಕಿದ್ದರೆ ರಿಪೀಟ್ ಸರಿಹೋಗದು, ಕೊನೆಯಲ್ಲೊಂದು ಹೆಚ್ಚಿನ ಅಲ್ಪವಿರಾಮ ಉಳಿಯುತ್ತದೆ. ಆಗ ಕಲೆಕ್ಷನ್ಸ್ ಕ್ಲಾಸಿನ ಎನ್‌ಕಾಪೀಸ್‌ನಿಂದ (nCopies) ಅದೇ ಸ್ಟ್ರಿಂಗ್ ಬೇಕಾದಷ್ಟು ಬಾರಿ ಇರುವ ಪಟ್ಟಿ ಮಾಡಿ, ಅದನ್ನು ಅಲ್ಪವಿರಾಮದ ಜೊತೆ ಸ್ಟ್ರಿಂಗ್‌ನ ಜಾಯಿನ್ ಮೆಥಡ್‌ಗೆ ಕೊಡಿ. ಇದು ಜಾವಾ 8ರಲ್ಲಿಯೂ ನಡೆಯುತ್ತದೆ.

ಕನ್ನಡ ಪಠ್ಯವನ್ನು ಪುನರಾವರ್ತಿಸುವವರು ಇನ್ನೊಂದನ್ನು ಗಮನಿಸಬೇಕು. "ಕ" ಅಕ್ಷರವನ್ನು ಮೂರು ಬಾರಿ ಬರೆಸಿದರೆ "ಕಕಕ" ಎಂದೇ ಬರುತ್ತದೆ, ಆದರೆ "ಕ್" ಎಂಬ ಅರ್ಧಾಕ್ಷರವನ್ನು ಬರೆಸಿದರೆ ತೆರೆಯ ಮೇಲೆ ಮೂರು ಬಿಡಿ ಅಕ್ಷರಗಳ ಬದಲು "ಕ್ಕ್ಕ್" ಎಂಬ ಒತ್ತಕ್ಷರ ಕಾಣಿಸುತ್ತದೆ. ಸ್ಟ್ರಿಂಗ್‌ನಲ್ಲಿ ಏನೂ ಕಳೆದಿರುವುದಿಲ್ಲ, ಉದ್ದ ಕೇಳಿದರೆ 6 ಎಂದೇ ಹೇಳುತ್ತದೆ. ಅಕ್ಷರಗಳನ್ನು ಕೂಡಿಸುವುದು ಫಾಂಟ್‌ನ ಕೆಲಸ. ಅವು ಬಿಡಿಯಾಗಿಯೇ ಕಾಣಬೇಕಿದ್ದರೆ ಪ್ರತಿ "ಕ್" ನಂತರ ಯೂನಿಕೋಡ್‌ನ ಶೂನ್ಯ ಅಗಲದ ನಾನ್-ಜಾಯಿನರ್ (ಕಣ್ಣಿಗೆ ಕಾಣದ, ಅಕ್ಷರಗಳು ಕೂಡದಂತೆ ತಡೆಯುವ ಚಿಹ್ನೆ) ಸೇರಿಸಿ, ಆ ಜೋಡಿಯ ಮೇಲೆ ರಿಪೀಟ್ ಕರೆಯಿರಿ.